ಎಚ್-4 ಬಿಡಿಸುವ ಮೊದಲು ಕಾಲೇಜಿನ ಫೀಸು ಲೆಕ್ಕ ಹಾಕಿ

ಅಮೆರಿಕದಲ್ಲಿರುವ ಕನ್ನಡ ಕುಟುಂಬಗಳಿಗೆ ಮಕ್ಕಳ ವೀಸಾ ಮತ್ತು ಕಾಲೇಜು ಪ್ರವೇಶದ ವಿಷಯದಲ್ಲಿ ಸಲಹೆ ಕೊಡುವುದು ನನ್ನ ಕೆಲಸ. ಹನ್ನೆರಡನೇ ತರಗತಿಯ ಮಕ್ಕಳು ಅರ್ಜಿ ಹಾಕುವ ಕಾಲ ಬಂತೆಂದರೆ ಒಂದೇ ತಪ್ಪು ಬೇರೆ ಬೇರೆ ಮನೆಗಳಿಂದ ನನ್ನ ಮೇಜಿಗೆ ಬರುತ್ತದೆ, ಬರುವಷ್ಟರಲ್ಲಿ ಬಹುತೇಕ ಕಾಲ ಮಿಂಚಿರುತ್ತದೆ. “ಹೇಗೂ ಇಪ್ಪತ್ತೊಂದು ತುಂಬಿದರೆ ಎಚ್-4 ಮುಗಿಯುತ್ತದಲ್ಲ ಮೇಡಂ, ಅದಕ್ಕೇ ಈಗಲೇ ಎಫ್-1 ಮಾಡಿಸಿಬಿಟ್ಟೆವು” ಎಂದು ತಂದೆ ನೆಮ್ಮದಿಯಿಂದ ಹೇಳುತ್ತಾರೆ. ಎಚ್-4 ಎಂದರೆ ಎಚ್-1ಬಿ ಕೆಲಸದ ವೀಸಾದಲ್ಲಿರುವವರ ಅವಲಂಬಿತರ ವೀಸಾ, ಎಫ್-1 ಎಂದರೆ ವಿದ್ಯಾರ್ಥಿ ವೀಸಾ. ಮಗು ಸೇರಲಿರುವುದು ಸ್ವಂತ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯವಾದರೆ ಆ ನೆಮ್ಮದಿಗೆ ತೆರಬೇಕಾದ ಬೆಲೆ ಬಹಳ ದೊಡ್ಡದು.

ಒಂದು ಉದಾಹರಣೆ ಸಾಕು. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯೇಗೊ ಮುಂತಾದ ಕ್ಯಾಂಪಸ್‌ಗಳಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ 2024-25ರಲ್ಲಿ ಪದವಿಗೆ ಸೇರಿದವರಲ್ಲಿ ರಾಜ್ಯದ ನಿವಾಸಿ ಎನಿಸಿಕೊಳ್ಳದವರು, ಎಲ್ಲರೂ ಕಟ್ಟುವ ಫೀಸಿನ ಮೇಲೆ ವರ್ಷಕ್ಕೆ 34,200 ಡಾಲರ್ ಹೆಚ್ಚುವರಿಯಾಗಿ ಕಟ್ಟಬೇಕಿತ್ತು. ಎಚ್-4ರಲ್ಲಿರುವ ಮಗು ನಿವಾಸಿ ಎನಿಸಿಕೊಳ್ಳಬಹುದು, ಎಫ್-1ರಲ್ಲಿರುವ ಮಗುವಿಗೆ ಸಾಮಾನ್ಯವಾಗಿ ಅದು ಆಗದು. ಹದಿನೆಂಟಕ್ಕೆ ಕಾಲೇಜು ಸೇರುವ ಮಗುವಿಗೆ ಎಚ್-4ರಲ್ಲಿ ಇನ್ನೂ ಸುಮಾರು ಮೂರು ವರ್ಷ ಉಳಿದಿರುತ್ತದೆ. ಆ ಮೂರು ವರ್ಷವನ್ನು ಕೈಯಾರೆ ಬಿಟ್ಟುಕೊಟ್ಟರೆ ಒಂದು ಲಕ್ಷ ಡಾಲರಿಗೂ ಮಿಕ್ಕಿದ ಹಣ ಕೈಬಿಡುತ್ತದೆ.

ಹೀಗೇಕೆ ಎಂಬುದನ್ನು ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಇಡೀ ವಿಷಯ ನಿಂತಿರುವುದು ಇದರ ಮೇಲೆ. ಇನ್-ಸ್ಟೇಟ್ ಫೀಸಿನ, ಅಂದರೆ ರಾಜ್ಯದ ನಿವಾಸಿಗಳಿಗಿರುವ ಕಡಿಮೆ ದರದ, ಸೌಲಭ್ಯ ಕೊಡುವ ಮೊದಲು ವಿಶ್ವವಿದ್ಯಾಲಯವು ನೀವು ಎಷ್ಟು ವರ್ಷ ತೆರಿಗೆ ಕಟ್ಟಿದ್ದೀರಿ ಎಂಬುದನ್ನಷ್ಟೇ ನೋಡುವುದಿಲ್ಲ. ಈ ರಾಜ್ಯವನ್ನೇ ನಿಮ್ಮ ಕಾಯಂ ಮನೆ ಮಾಡಿಕೊಂಡಿದ್ದೀರಾ, ಹಾಗೆ ಮಾಡಿಕೊಳ್ಳಲು ನಿಮ್ಮ ವೀಸಾ ಅವಕಾಶ ಕೊಡುತ್ತದೆಯೇ ಎಂದು ಕೇಳುತ್ತದೆ. ಎಚ್-1ಬಿ ಮತ್ತು ಅದರ ಅವಲಂಬಿತರ ಎಚ್-4ಕ್ಕೆ ಒಕ್ಕೂಟದ ಕಾನೂನು ಅಂಥ ಅಡ್ಡಿಯನ್ನೇನೂ ಒಡ್ಡಿಲ್ಲ. ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿಕೊಂಡೇ ಆ ವೀಸಾದಲ್ಲಿ ಇರಬಹುದು. ಎಫ್-1ರ ಮಾತು ಬೇರೆ. ಸ್ವದೇಶದಲ್ಲಿ ತನಗೊಂದು ಮನೆ ಇದೆ, ಅದನ್ನು ತೊರೆಯುವ ಉದ್ದೇಶವಿಲ್ಲ ಎಂದು ತೋರಿಸುವವರಿಗೆ ಮಾತ್ರ ಅದು ಸಿಗಬೇಕೆಂದು ಕಾನೂನೇ ಹೇಳುತ್ತದೆ. ವಲಸೆ ಇಲಾಖೆಯ ಮುಂದೆ “ನನ್ನ ಮನೆ ಬೆಂಗಳೂರಿನಲ್ಲಿದೆ” ಎಂದು ಸಹಿ ಹಾಕಿದ ಹುಡುಗಿ, ಅದೇ ತಿಂಗಳು ವಿಶ್ವವಿದ್ಯಾಲಯದ ಮುಂದೆ “ನನ್ನ ಮನೆ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದೆ” ಎಂದರೆ ಅವರು ಒಪ್ಪುವುದಾದರೂ ಹೇಗೆ? ಅವಳು ಎರಡನೇ ವಯಸ್ಸಿನಿಂದ ಅಲ್ಲಿಯೇ ಬೆಳೆದಿರಬಹುದು, ಅಪ್ಪ ಅಮ್ಮ ಅದೇ ಊರಿನಲ್ಲಿ ಮನೆ ಕೊಂಡಿರಬಹುದು. ಆದರೂ ಅವಳ ಹೆಸರಿನ ವೀಸಾ ಬೇರೆ ಮಾತು ಹೇಳುತ್ತಿರುತ್ತದೆ.

ಈ ತರ್ಕ ಯಾವುದೋ ಕಚೇರಿಯ ಗುಮಾಸ್ತರ ಕಿರಿಕಿರಿಯಲ್ಲ. ವಿಶ್ವಬ್ಯಾಂಕಿನಂಥ ಅಂತರರಾಷ್ಟ್ರೀಯ ಸಂಸ್ಥೆಗಳ ನೌಕರರ ಮಕ್ಕಳಿಗೆ, ಅಂದರೆ ಜಿ-4 ವೀಸಾದವರಿಗೆ, ಮೇರಿಲ್ಯಾಂಡ್ ವಿಶ್ವವಿದ್ಯಾಲಯ ಇನ್-ಸ್ಟೇಟ್ ಫೀಸು ನಿರಾಕರಿಸಿದಾಗ ಅಮೆರಿಕದ ಸುಪ್ರೀಂ ಕೋರ್ಟು 1982ರ ‘ಟೋಲ್ ವಿರುದ್ಧ ಮೊರೆನೊ’ ಪ್ರಕರಣದಲ್ಲಿ ಆ ನೀತಿಯನ್ನು ಅನೂರ್ಜಿತಗೊಳಿಸಿತು. ಇಲ್ಲಿ ನೆಲೆ ಮಾಡಿಕೊಳ್ಳಲು ಒಕ್ಕೂಟದ ಕಾನೂನೇ ಅವಕಾಶ ಕೊಟ್ಟಿರುವವರ ಮೇಲೆ ರಾಜ್ಯದ ವಿಶ್ವವಿದ್ಯಾಲಯ ಇಂಥ ಹೊರೆ ಹೇರುವಂತಿಲ್ಲ ಎಂಬುದು ಅದರ ತಿರುಳು. ಹಾಗೆಂದು ಪ್ರತಿ ರಾಜ್ಯದ ನಿಯಮವೂ ಒಂದೇ ಎಂದು ನಾನು ಹೇಳಲಾರೆ. ವಾಸದ ಅವಧಿ, ದಾಖಲೆ, ಗಡುವು ಎಲ್ಲವೂ ಬೇರೆ ಬೇರೆ.

ಇದಕ್ಕೆ ಸಂಬಂಧವಿಲ್ಲದ ಇನ್ನೊಂದು ಕಾನೂನನ್ನು ಜನ ಇದರೊಂದಿಗೆ ಬೆರೆಸಿಕೊಳ್ಳುತ್ತಾರೆ. ದಾಖಲೆಗಳಿಲ್ಲದ ಮಕ್ಕಳೂ ರಾಜ್ಯದ ಹೈಸ್ಕೂಲಿನಲ್ಲಿ ಓದಿ ಪಾಸಾಗಿದ್ದರೆ ಇನ್-ಸ್ಟೇಟ್ ಫೀಸು ಕಟ್ಟಬಹುದೆಂಬ ಕಾನೂನನ್ನು 2001ರಲ್ಲಿ ಮೊದಲಿಗೆ ಟೆಕ್ಸಾಸ್, ಆಮೇಲೆ ಅದೇ ವರ್ಷ ಕ್ಯಾಲಿಫೋರ್ನಿಯಾ ತಂದವು. ಎಬಿ 540 ಎಂಬ ಕ್ಯಾಲಿಫೋರ್ನಿಯಾದ ಆ ಕಾನೂನಿನ ಪಠ್ಯವೇ ತಾತ್ಕಾಲಿಕ ವೀಸಾದವರಲ್ಲಿ ಹೆಚ್ಚಿನವರನ್ನು ಹೊರಗಿಡುತ್ತದೆ. ಆದ್ದರಿಂದ “ಮೂರು ವರ್ಷ ಇಲ್ಲೇ ಹೈಸ್ಕೂಲು ಓದಿದ್ದಾನೆ, ಎಫ್-1 ಆದರೇನಂತೆ” ಎಂಬ ಸಮಾಧಾನಕ್ಕೆ ಅಲ್ಲಿ ಆಧಾರವಿಲ್ಲ. 2025ರ ಜೂನ್‌ನಲ್ಲಿ ಒಕ್ಕೂಟ ಸರ್ಕಾರ ದಾವೆ ಹೂಡಿದ ದಿನವೇ ಟೆಕ್ಸಾಸ್ ಸರ್ಕಾರ ಒಪ್ಪಿಕೊಂಡು ಅಲ್ಲಿನ ಕಾನೂನಿಗೆ ನ್ಯಾಯಾಲಯದ ತಡೆ ಬಿದ್ದಾಗ, ಡಲ್ಲಾಸ್ ಸುತ್ತಮುತ್ತಲ ನಮ್ಮವರು ಗಾಬರಿಯಾಗಿ ಫೋನ್ ಮಾಡಿದರು. ಆ ಆದೇಶ ಇರುವುದು ದೇಶದಲ್ಲಿ ಕಾನೂನುಬದ್ಧವಾಗಿ ಇಲ್ಲದವರ ಬಗ್ಗೆ. ಊರ್ಜಿತ ಎಚ್-4ರಲ್ಲಿರುವ ಮಗು ಆ ಗುಂಪಿಗೆ ಸೇರುವುದಿಲ್ಲ. ಅದೇ ವರ್ಷ ಫ್ಲಾರಿಡಾ ತನ್ನ 2014ರ ರಿಯಾಯಿತಿಯನ್ನು ತಾನೇ ರದ್ದು ಮಾಡಿತು. ನಮ್ಮ ಮಕ್ಕಳ ಜೊತೆಯಲ್ಲೇ ಓದಿ, ಅಷ್ಟೇ ಅಂಕ ತೆಗೆದ ಎಷ್ಟೋ ಮಕ್ಕಳ ಓದು ಇದರಿಂದ ಅರ್ಧಕ್ಕೆ ನಿಲ್ಲುವಂತಾಗಿದೆ ಎಂಬುದು ನನಗೆ ನಿಜಕ್ಕೂ ನೋವಿನ ಸಂಗತಿ.

ವಿದ್ಯಾರ್ಥಿವೇತನದ ವಿಷಯದಲ್ಲಿ ಹೆಚ್ಚು ಭರವಸೆ ಕೊಡಲಾರೆ. ಫಾಫ್ಸಾ ಎಂಬ ಅರ್ಜಿಯ ಮೂಲಕ ಸಿಗುವ ಒಕ್ಕೂಟ ಸರ್ಕಾರದ ನೆರವು ಎಚ್-4ರವರಿಗಾಗಲಿ ಎಫ್-1ರವರಿಗಾಗಲಿ ಇಲ್ಲ. ಗ್ರೀನ್ ಕಾರ್ಡಿನ ಐ-485 ಅರ್ಜಿ ಬಾಕಿ ಇದೆ ಎಂದಷ್ಟಕ್ಕೆ ಬರುವುದೂ ಇಲ್ಲ. ಜಾರ್ಜಿಯಾದ ಹೋಪ್, ಫ್ಲಾರಿಡಾದ ಬ್ರೈಟ್ ಫ್ಯೂಚರ್ಸ್‌ನಂಥ ರಾಜ್ಯದ ವಿದ್ಯಾರ್ಥಿವೇತನಗಳು ಕೂಡ ಪೌರತ್ವ ಅಥವಾ ಗ್ರೀನ್ ಕಾರ್ಡಿನಂಥ ಸ್ಥಾನವನ್ನು ಕೇಳುತ್ತವೆ. ವಿಶ್ವವಿದ್ಯಾಲಯಗಳು ತಮ್ಮದೇ ನಿಧಿಯಿಂದ ಕೊಡುವ ಪ್ರತಿಭಾ ವಿದ್ಯಾರ್ಥಿವೇತನಗಳನ್ನು ಮಾತ್ರ ಒಂದೊಂದಾಗಿ ವಿಚಾರಿಸಿ ನೋಡಬೇಕು.

ಬೇಗನೆ ಎಫ್-1 ಮಾಡಿಸುವುದು ಸರಿಯಾದ ಸಂದರ್ಭಗಳೂ ಇವೆ. ಖಾಸಗಿ ವಿಶ್ವವಿದ್ಯಾಲಯದಲ್ಲಿ ರಾಜ್ಯದವರಿಗೊಂದು ಹೊರಗಿನವರಿಗೊಂದು ಎಂಬ ಫೀಸಿನ ಭೇದ ಸಾಮಾನ್ಯವಾಗಿ ಇರುವುದಿಲ್ಲ. ತಂದೆಯ ಕೆಲಸ ಅಲುಗಾಡುತ್ತಿದ್ದರೆ, ಅದು ಹೋದಾಗ ಅವರ ಎಚ್-1ಬಿ ಜೊತೆಗೆ ಮಗುವಿನ ಎಚ್-4 ಕೂಡ ಹೋಗುತ್ತದೆ. ಎಚ್-4ರ ಮಕ್ಕಳು ಸಂಬಳದ ಇಂಟರ್ನ್‌ಶಿಪ್ ಮಾಡುವಂತಿಲ್ಲ. ಎಫ್-1ರವರಿಗೆ ಒಂದು ವರ್ಷದ ಓದಿನ ನಂತರ ಆ ದಾರಿ ತೆರೆಯುತ್ತದೆ. ಗ್ರೀನ್ ಕಾರ್ಡಿನ ಸರದಿಯಲ್ಲಿ ಮಗುವಿನ ವಯಸ್ಸನ್ನು ಲೆಕ್ಕ ಹಾಕುವ ಕ್ರಮ 2025ರ ಆಗಸ್ಟ್‌ನಲ್ಲಿ ಮತ್ತೆ ಬಿಗಿಯಾಗಿರುವುದರಿಂದ, ಆ ಲೆಕ್ಕವನ್ನು ನಿಮ್ಮ ವಕೀಲರಿಂದಲೇ ಮಾಡಿಸಿ. ಇವೆಲ್ಲವನ್ನೂ ತೂಗಿ ನೋಡಿ ಎಫ್-1 ಆಯ್ದುಕೊಂಡರೆ ನನ್ನ ತಕರಾರಿಲ್ಲ. “ಪಕ್ಕದ ಮನೆಯವರು ಮಾಡಿಸಿದರು” ಎಂಬ ಕಾರಣಕ್ಕೆ ಮಾಡಿಸಬೇಡಿ ಎಂಬುದಷ್ಟೇ ನನ್ನ ಕೋರಿಕೆ.

ಎಚ್-4 ಉಳಿಸಿಕೊಳ್ಳುವವರು, ದೇಶದಲ್ಲಿ ಯಾವ ದಿನದವರೆಗೆ ಇರಬಹುದೆಂದು ತೋರಿಸುವ ಐ-94 ಪತ್ರವನ್ನು ಈಗಲೇ ತೆಗೆದು ನೋಡಿ. ಹಾಸನದ ಕಡೆಯ ದಂಪತಿಗಳೊಬ್ಬರು ಎಲ್ಲ ಕಾಗದಗಳನ್ನು ಒಪ್ಪವಾಗಿ ಫೈಲಿನಲ್ಲಿ ಜೋಡಿಸಿ ತಂದಿದ್ದರು: ಬಾಡಿಗೆ ಕರಾರು, ತೆರಿಗೆ ವಿವರ, ಇನ್ನೂ ಎರಡು ವರ್ಷ ಊರ್ಜಿತವಾಗಿದ್ದ ಮಗಳ ಐ-797 ಅನುಮೋದನೆ ಪತ್ರ. ಆದರೆ ಚಿಕ್ಕ ಮಕ್ಕಳಿಗೆ ಭಾರತದ ಪಾಸ್‌ಪೋರ್ಟ್ ಸಿಗುವುದೇ ಸಾಮಾನ್ಯವಾಗಿ ಐದು ವರ್ಷಕ್ಕೆ. ಬೇಸಿಗೆ ರಜೆಗೆ ಊರಿಗೆ ಹೋಗಿ ಬರುವಾಗ ವಿಮಾನ ನಿಲ್ದಾಣದ ಅಧಿಕಾರಿ ಮಗಳ ಐ-94ನ್ನು ಪಾಸ್‌ಪೋರ್ಟ್ ಮುಗಿಯುವ ದಿನಕ್ಕೇ ನಿಲ್ಲಿಸಿದ್ದರು. ಪಾಸ್‌ಪೋರ್ಟ್ ಆಮೇಲೆ ನವೀಕರಣಗೊಂಡಿತ್ತು, ಐ-94 ಆಗಿರಲಿಲ್ಲ. ಅದರ ಅವಧಿ ಮುಗಿಯಲು ಕೆಲವೇ ವಾರ ಉಳಿದಿತ್ತು. ತಾಯಿಗೆ ವಿಷಯ ತಿಳಿದಾಗ ಕೈಯಲ್ಲಿದ್ದ ಹಾಳೆ ನಡುಗುತ್ತಿತ್ತು. ಅವಧಿ ವಿಸ್ತರಣೆಯ ಅರ್ಜಿ ಸಮಯಕ್ಕೆ ಹೋಯಿತು, ಮಗಳು ಈಗ ಇನ್-ಸ್ಟೇಟ್ ಫೀಸಿನಲ್ಲೇ ಓದುತ್ತಿದ್ದಾಳೆ.

ಮುಂದೆ ಇಪ್ಪತ್ತೊಂದು ತುಂಬುವ ಮುನ್ನ ವೀಸಾ ಸ್ಥಾನ ಬದಲಿಸುವ ಐ-539 ಅರ್ಜಿ ಹಾಕಿ ಎಫ್-1ಕ್ಕೆ ಬದಲಾಗುವ ಹೊತ್ತಿಗೆ ಫೀಸು ಏನಾಗುತ್ತದೆ ಎಂಬುದಕ್ಕೆ ಎಲ್ಲೆಡೆ ಒಂದೇ ಉತ್ತರವಿಲ್ಲ. ಕೆಲವು ಕಡೆ ನಿವಾಸದ ಸ್ಥಾನವನ್ನು ಮತ್ತೆ ಪರಿಶೀಲಿಸಿ ಉಳಿದ ಸೆಮಿಸ್ಟರ್‌ಗಳಿಗೆ ಹೊರಗಿನವರ ದರ ಹಾಕುತ್ತಾರೆ. ಆದ್ದರಿಂದ ಸೀಟು ಒಪ್ಪಿಕೊಳ್ಳುವ ಮೊದಲೇ ಆಯಾ ವಿಶ್ವವಿದ್ಯಾಲಯದ ನಿವಾಸ ನಿರ್ಧಾರ ವಿಭಾಗಕ್ಕೆ ಇಮೇಲ್ ಬರೆದು, ಯಾವ ದಿನಾಂಕದಂದು ಇರುವ ವೀಸಾವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ, ನಡುವೆ ವೀಸಾ ಬದಲಾದರೆ ಏನು ಮಾಡುತ್ತಾರೆ ಎಂದು ಕೇಳಿ, ಲಿಖಿತ ಉತ್ತರ ಪಡೆದಿಟ್ಟುಕೊಳ್ಳಿ. ಫೋನಿನಲ್ಲಿ ಸಿಕ್ಕ ಭರವಸೆಯನ್ನು ಬಿಲ್ ಬಂದ ದಿನ ಯಾರಿಗೂ ತೋರಿಸಲಾಗುವುದಿಲ್ಲ.