ಮೊದಲು ಗಾಳಿ ಬಿಡಿ, ಆಮೇಲೆ ಜಾಕಿ

ಕ್ಯಾರವಾನ್ (ಮನೆಯಂತೆ ವಾಸಿಸಬಹುದಾದ ಗಾಡಿ) ಇಟ್ಟುಕೊಂಡವರ ಬಾಯಲ್ಲಿ ಒಂದು ಮಾತು ಸದಾ ಸಿದ್ಧ: 'ಏರ್ ಸಸ್ಪೆನ್ಷನ್ ಇದೆ ಸಾರ್, ಎಲ್ಲಿ ನಿಲ್ಲಿಸಿದ್ರೂ ತಾನೇ ಲೆವೆಲ್ ಆಗುತ್ತೆ.' ಆಗಲ್ಲ. ಏರ್ ಸಸ್ಪೆನ್ಷನ್ ಅಂದರೆ ಸ್ಪ್ರಿಂಗ್ ಬದಲು ಗಾಡಿಯ ಭಾರ ಹೊರುವ ಗಾಳಿಚೀಲಗಳು, ಅಷ್ಟೇ. ಚಿತ್ರದುರ್ಗದ ಜೋಗಿಮಟ್ಟಿಯ ಇಳಿಜಾರಿನಲ್ಲಿ ನಿಲ್ಲಿಸಿ ನೋಡಿ, ರಸ್ತೆ ಎಷ್ಟು ವಾಲಿದೆಯೋ ಗಾಡಿಯೂ ಅಷ್ಟೇ ವಾಲಿರುತ್ತದೆ.

ಕಾರಣ ಚಾಸಿಗೆ, ಅಂದರೆ ಗಾಡಿಯ ತಳದ ಚೌಕಟ್ಟಿಗೆ, ಕೂರಿಸಿದ ಒಂದು ಪುಟ್ಟ ವಾಲ್ವ್. ಅದರ ಕಡ್ಡಿ ಆಕ್ಸಲ್‌ಗೆ (ಚಕ್ರಗಳ ಅಚ್ಚಿಗೆ) ಸಿಕ್ಕಿಕೊಂಡಿರುತ್ತದೆ. ಮನೆ ಮೇಲಿನ ನೀರಿನ ಟ್ಯಾಂಕಿನಲ್ಲಿ ತೇಲುವ ಚೆಂಡು ನಲ್ಲಿಯನ್ನು ತೆರೆದು ಮುಚ್ಚುತ್ತದಲ್ಲ, ಇದೂ ಅದೇ ಜಾತಿ. ಚಾಸಿ ತಗ್ಗಿದರೆ ಕಡ್ಡಿ ಮೇಲೇರಿ ಚೀಲಕ್ಕೆ ಗಾಳಿ ತುಂಬುತ್ತದೆ. ಚಾಸಿ ಎದ್ದರೆ ಗಾಳಿ ಹೊರಬಿಡುತ್ತದೆ. ಅದು ಅಳೆಯುವುದು ಚಾಸಿಗೂ ಆಕ್ಸಲ್‌ಗೂ ಇರುವ ಅಂತರವನ್ನಷ್ಟೇ. ಭೂಮಿ ಎತ್ತ ಸೆಳೆಯುತ್ತಿದೆ ಎಂಬುದು ಅದರ ಲೆಕ್ಕದಲ್ಲೇ ಇಲ್ಲ. ಗಾಳಿಚೀಲದಿಂದಲೇ ಮಟ್ಟ ಮಾಡುವ ಗಾಡಿಗಳೂ ಇವೆ ನಿಜ, ಆದರೆ ಅವಕ್ಕೆ ವಾಲಿಕೆ ಅಳೆಯುವ ಬೇರೆ ಸೆನ್ಸರ್ ಇರುತ್ತದೆ, ಅವೂ ಎತ್ತಬಲ್ಲದ್ದು ಚೀಲ ಹಿಗ್ಗಿದಷ್ಟೇ ಎತ್ತರಕ್ಕೆ.

ಮಟ್ಟ ಯಾಕೆ ಬೇಕು ಅಂತೀರಾ? ಗ್ಯಾಸಿನಲ್ಲಿ ಓಡುವ ಫ್ರಿಜ್‌ನಲ್ಲಿ ಪಂಪೇ ಇಲ್ಲ. ಅಮೋನಿಯ ದ್ರಾವಣ ತನ್ನ ಭಾರಕ್ಕೆ ತಾನೇ ಇಳಿದು ಹರಿಯಬೇಕು. ಗಾಡಿ ಹೆಚ್ಚು ವಾಲಿದರೆ ಅದು ಅಲ್ಲಲ್ಲೇ ನಿಂತು ಫ್ರಿಜ್ ಕೆಡುತ್ತದೆ.

ಮಟ್ಟ ಮಾಡಲು ಹೈಡ್ರಾಲಿಕ್ ಜಾಕಿ ಬೇಕು, ಅಂದರೆ ಚಾಸಿಗೆ ಕೂರಿಸಿದ, ಎಣ್ಣೆಯ ಒತ್ತಡದಿಂದ ನೆಲಕ್ಕೆ ಚಾಚುವ ಕಾಲು. ಗಾಳಿ ಕುಗ್ಗುತ್ತದೆ, ಎಣ್ಣೆ ಹೆಚ್ಚುಕಮ್ಮಿ ಕುಗ್ಗುವುದೇ ಇಲ್ಲ. ಸುಮಾರು 5 ಸೆಂ.ಮೀ. ವ್ಯಾಸದ ಪಿಸ್ಟನ್‌ಗೆ ಚದರ ಸೆಂ.ಮೀ.ಗೆ 200 ಕೆ.ಜಿ. ಒತ್ತಡ ಕೊಟ್ಟರೆ 4 ಟನ್ ಎತ್ತುತ್ತದೆ. 6 ಕೆ.ಜಿ. ಒತ್ತಡದ ಗಾಳಿಗೆ ಅದೇ ಕೆಲಸಕ್ಕೆ ಸುಮಾರು 30 ಸೆಂ.ಮೀ. ಅಗಲದ ಚೀಲ ಬೇಕು! ಮುಚ್ಚಿದ ದ್ರವಕ್ಕೆ ಕೊಟ್ಟ ಒತ್ತಡ ಎಲ್ಲೆಡೆ ಸಮನಾಗಿ ಹರಡುತ್ತದೆ ಎಂಬ ಈ ತತ್ವ ವಿಜ್ಞಾನಿ ಪಾಸ್ಕಲ್‌ನದು, 17ನೇ ಶತಮಾನದ್ದು. ಅದನ್ನು ಕೆಲಸಕ್ಕೆ ಹಚ್ಚಿದವನು 1795ರಲ್ಲಿ ಹೈಡ್ರಾಲಿಕ್ ಪ್ರೆಸ್‌ಗೆ ಪೇಟೆಂಟ್ ಪಡೆದ ಜೋಸೆಫ್ ಬ್ರಾಮಾ. ಪಿಸ್ಟನ್ ಪಕ್ಕದಿಂದ ನೀರು ಸೋರುವುದೇ ಅವನಿಗೆ ದೊಡ್ಡ ತಲೆನೋವಾಗಿತ್ತು. ಒತ್ತಡ ಹೆಚ್ಚಿದಷ್ಟೂ ಇನ್ನಷ್ಟು ಬಿಗಿಯಾಗಿ ಅಂಟುವ ಬಟ್ಟಲಿನಾಕಾರದ ಚರ್ಮದ ಸೀಲನ್ನು ಕಂಡುಹಿಡಿದವನು ಅವನ ಬಳಿ ಕೆಲಸಕ್ಕಿದ್ದ ಹೆನ್ರಿ ಮಾಡ್‌ಸ್ಲೆ ಎನ್ನುತ್ತಾರೆ. ಇವತ್ತಿನ ಜಾಕಿಯ ಸೀಲ್ ಕೂಡ ಅದೇ ಉಪಾಯದ್ದು.

ಈಗ ಎರಡನ್ನೂ ಕೂಡಿಸಿ. ಚೀಲದಲ್ಲಿ ಗಾಳಿ ಇರುವಾಗಲೇ ಜಾಕಿ ಇಳಿಸಿದರೆ ಚಾಸಿ ಮೊದಲೇ ಎತ್ತರದಲ್ಲಿರುವುದರಿಂದ ಜಾಕಿ ಉದ್ದಕ್ಕೆ ಚಾಚಬೇಕು; ಉದ್ದ ಚಾಚಿದ ಜಾಕಿ ಅಡ್ಡ ತಳ್ಳಾಟಕ್ಕೆ ಬೇಗ ಸೋಲುತ್ತದೆ. ಜಾಕಿ ಚಾಸಿಯನ್ನೆತ್ತಿದರೆ, ಎತ್ತಿದ್ದು ಯಾರೆಂದು ವಾಲ್ವ್‌ಗೇನು ಗೊತ್ತು? ಗಾಳಿ ಹೆಚ್ಚಾಯಿತೆಂದು ಬಿಡುತ್ತಾ ಹೋಗುತ್ತದೆ. ಅದಕ್ಕೇ ಮೊದಲು ಚೀಲದ ಗಾಳಿ ಪೂರ್ತಿ ಬಿಟ್ಟು ಚಾಸಿಯನ್ನು ತಗ್ಗಿಸಿ, ಆಮೇಲೆ ಜಾಕಿ. ಹಿಂದಿನ ಚಕ್ರಗಳನ್ನಂತೂ ನೆಲ ಬಿಡಿಸಬೇಡಿ, ಪಾರ್ಕಿಂಗ್ ಬ್ರೇಕ್ ಹಿಡಿದಿರುವುದು ಅವನ್ನೇ.

ದಾವಣಗೆರೆ ಸುತ್ತಿನ ಎರೆಮಣ್ಣಿನಲ್ಲಿ, ಮಳೆ ಬಿದ್ದ ಮೇಲೆ, ಜಾಕಿಯ ಪಾದ ಹಾಗೇ ಹೂತು ಹೋಗುತ್ತದೆ. ಅಗಲದ ದಪ್ಪ ಹಲಗೆ ಕೊಡಲೇಬೇಕು. ಹೊರಡುವಾಗ ಜಾಕಿ ಪೂರ್ತಿ ಮೇಲಕ್ಕೆತ್ತಿ, ಚೀಲ ತುಂಬುವವರೆಗೆ ಕಾಯಬೇಕು. ಇಲ್ಲದಿದ್ದರೆ ಚಾಸಿ ಆಕ್ಸಲ್‌ಗೂ ತನಗೂ ನಡುವಿನ ರಬ್ಬರ್ ಸ್ಟಾಪರ್ ಮೇಲೇ ಕುಟ್ಟಿಕೊಂಡು ಹೋಗುತ್ತದೆ.

ಇನ್ನು, ಜಾಕಿ ಇಳಿಸದೆ ನಿಲ್ಲಿಸಿದ ಗಾಡಿ ಬೆಳಗಾಗುವಷ್ಟರಲ್ಲಿ ಒಂದು ಕಡೆ ವಾಲಿದ್ದರೆ ದೃಷ್ಟಿಯಾಗಿದೆ ಎಂದು ನಿಂಬೆಹಣ್ಣು-ಮೆಣಸಿನಕಾಯಿ ಕಟ್ಟುವವರಿದ್ದಾರೆ. ಸಾಮಾನ್ಯವಾಗಿ ಅದು ಆ ಕಡೆಯ ಗಾಳಿ ಸೋರಿಕೆ. ಪೈಪಿನ ಜಾಯಿಂಟುಗಳಿಗೆ ಸೋಪಿನ ನೀರು ಹಚ್ಚಿ, ಗುಳ್ಳೆ ಏಳುವ ಕಡೆ ನೋಡಿ. ಆದರೆ ಬರೀ ಚೀಲದ ಮೇಲೆ ನಿಂತ ಗಾಡಿಯ ಕೆಳಗೆ ತೂರಬೇಡಿ. ಚಾಸಿಗೆ ಗಟ್ಟಿ ಸ್ಟ್ಯಾಂಡ್ ಕೊಟ್ಟೇ ಒಳಹೋಗಿ.