ಲಾಡ್‌ಖಾನ್ ಗುಡಿಯಲ್ಲಿ ಬಾಳಿದವರು

ಬಾಗಲಕೋಟೆ ಜಿಲ್ಲೆಯ ಐಹೊಳೆಯಲ್ಲಿರುವ ಲಾಡ್‌ಖಾನ್ ಗುಡಿಗೆ ಆ ಹೆಸರು ಬಂದದ್ದು ಅದರಲ್ಲಿ ಒಂದು ಕಾಲಕ್ಕೆ ವಾಸವಾಗಿದ್ದ ಲಾಡ್‌ಖಾನ್ ಎಂಬವನಿಂದ. ಹಳೆಯ ಕಟ್ಟಡಗಳ ಸಂರಕ್ಷಣೆಯಲ್ಲಿ ತೊಡಗಿರುವ ನನ್ನಂಥವರಿಗೆ ಈ ಹೆಸರೇ ಒಂದು ದಾಖಲೆ.

ಚೌಕಾಕಾರದ ಈ ಕಂಬಸಾಲೆಯ ನಡುವೆ ನಂದಿಯಿದ್ದು, ಲಿಂಗವು ಹಿಂಗೋಡೆಗೆ ಒತ್ತಿಕೊಂಡಿದೆ. ಬೇರೆ ಗುಡಿಗಳಲ್ಲಿ ಕಾಣುವಂತೆ ಮಂಟಪದ ಆಚೆಗೆ ಚಾಚಿದ ಗರ್ಭಗೃಹ ಇಲ್ಲಿಲ್ಲ. ಇಳಿಜಾರಾಗಿ ಹಾಸಿದ ಚಪ್ಪಡಿಗಳ ಸಂದುಗಳ ಮೇಲೆ, ಮರದ ಮಾಡಿನಲ್ಲಿ ಪಟ್ಟಿ ಬಡಿದಂತೆ, ಉದ್ದನೆಯ ಕಲ್ಲಿನ ಪಟ್ಟಿಗಳನ್ನು ಇಡಲಾಗಿದೆ. ಊರವರು ಸೇರುತ್ತಿದ್ದ ಸಭಾಮಂಟಪವೇ ಮುಂದೆ ದೇವಾಲಯವಾಯಿತೆಂದು ಕೆಲವು ವಿದ್ವಾಂಸರು ತರ್ಕಿಸಿದ್ದಕ್ಕೆ ಈ ವಿನ್ಯಾಸವೇ ಕಾರಣ. ಅದನ್ನು ಒಪ್ಪದವರೂ ಇದ್ದಾರೆ. ಮರದ ಕಟ್ಟಣೆಯನ್ನು ನೆನಪಿಸುವ ರೂಪವನ್ನು ಕಂಡು ಹಿಂದೆ ಇದನ್ನು 5ನೆಯ ಶತಮಾನದ್ದೆಂದು ಎಣಿಸಿದ್ದರು, ಈಗ ಹೆಚ್ಚಿನವರು 7ನೆಯ ಶತಮಾನದ ಕೊನೆ ಅಥವಾ 8ನೆಯ ಶತಮಾನಕ್ಕೆ ತರುತ್ತಾರೆ.

ಸಮೀಪದ ದುರ್ಗದ ಗುಡಿಯ ಕಥೆ ಇನ್ನೂ ಕಟುವಾದದ್ದು. ದುರ್ಗಾದೇವಿಗೂ ಈ ಹೆಸರಿಗೂ ಸಂಬಂಧವಿಲ್ಲ. ಶಾಸನದ ಪ್ರಕಾರ ಇದು ಆದಿತ್ಯನ ಗುಡಿ. ಕೋಟೆ ಕಟ್ಟುವಾಗ ಇದನ್ನೂ ಅದರೊಳಗೆ ಸೇರಿಸಿಕೊಂಡು, ಮಾಡಿನ ಮೇಲೆ ಕಾಡುಕಲ್ಲು ಪೇರಿಸಿ ಕಾವಲು ನೆಲೆ ಮಾಡಿದ್ದರಿಂದ ಈ ಹೆಸರು ನಿಂತಿತು. ಪುರಾತತ್ತ್ವಜ್ಞರು ಆ ಕಲ್ಲುರಾಶಿಯನ್ನು ತೆಗೆಸಿದರು. ಅವರ ನಿರ್ಧಾರ ಸರಿಯೆಂದೇ ನನ್ನ ಅಭಿಪ್ರಾಯ, ಏಕೆಂದರೆ ಆ ಭಾರ ಕೆಳಗಿನ ಕಲ್ಲಿಗೆ ಅಪಾಯಕರ. ಆದರೆ ಗುಡಿ ಕೋಟೆಯಾಗಿದ್ದಕ್ಕೆ ಕಣ್ಣಿಗೆ ಕಾಣುವ ಸಾಕ್ಷಿಯೂ ಅದರೊಂದಿಗೆ ಹೋಯಿತು.

ಜನ ಬಾಳಿದ ಕಲ್ಲಿನ ಕಟ್ಟಡದಲ್ಲಿ ಗುರುತುಗಳು ಉಳಿದೇ ಉಳಿಯುತ್ತವೆ. ಕಂಬಗಳ ನಡುವಿನ ಬಯಲನ್ನು ಮಣ್ಣುಕಲ್ಲಿನ ಗೋಡೆಯಿಂದ ಮುಚ್ಚಿ ಕೋಣೆ ಮಾಡಿಕೊಳ್ಳುತ್ತಾರೆ, ಹಾಸುಗಲ್ಲಿನಲ್ಲಿ ಒರಳು ಕೊರೆಯುತ್ತಾರೆ, ದನ ಕಟ್ಟಲು ಕಂಬಕ್ಕೆ ತೂತು ಹೊಡೆಯುತ್ತಾರೆ, ಒಲೆಯ ಹೊಗೆ ಛಾವಣಿಯ ಕೆತ್ತನೆಗೆ ಮಸಿಯಾಗಿ ಹತ್ತುತ್ತದೆ. ಇವನ್ನೆಲ್ಲ ಹಾನಿಯೆಂದಷ್ಟೇ ಬರೆದುಬಿಡುವ ವರದಿಗಳನ್ನು ಓದಿದಾಗ ನನಗೆ ನೋವಾಗುತ್ತದೆ. ಸೂರಿನ ಸಂದಿನಲ್ಲಿ ಬೇರು ಬಿಡುವ ಆಲದ ಸಸಿಯನ್ನು ಕಿತ್ತು, ಸೋರುವಲ್ಲಿ ಮಣ್ಣು ಮೆತ್ತಿ ಮಳೆಗಾಲ ಕಳೆದವರು ಅದೇ ಮನೆಯವರು. ಜನ ಇರುವ ಕಟ್ಟಡದಿಂದ ಕಲ್ಲು ಕಿತ್ತು ಹೊಲದ ಒಡ್ಡಿಗೆ ಸಾಗಿಸುವುದೂ ಸುಲಭವಲ್ಲ.

1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಮಾಡಿದ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆಗೆ 200 ಮೀಟರ್ ನಿಯಂತ್ರಿತ ವಲಯ. ಐಹೊಳೆಯಂತೆ ಗುಡಿಗಳ ಮಗ್ಗುಲಲ್ಲೇ ಮನೆಗಳಿರುವ ಊರಿನಲ್ಲಿ ಹೊಸ ಕೋಣೆ ಕಟ್ಟಿಕೊಳ್ಳಲು ಹೊರಟವರಿಗೆ ಈ ಅಳತೆಯ ಬಿಸಿ ನೇರವಾಗಿ ತಟ್ಟುತ್ತದೆ.

ಆದ್ದರಿಂದ ಇಂಥ ಕಟ್ಟಡವನ್ನು ತೆರವು ಮಾಡುವ ಮೊದಲು, ನಂತರದ ಗೋಡೆ, ಒರಳು, ಗೂಟದ ತೂತುಗಳನ್ನೂ ಅಳತೆಯ ನಕ್ಷೆಯಲ್ಲಿ ಬೇರೆ ಬಣ್ಣದಲ್ಲಿ ಗುರುತಿಸುವಂತೆ ನಾನು ಕೇಳುತ್ತೇನೆ. ಛಾವಣಿ ತೊಳೆಯುವಾಗ ಒಂದು ಮೂಲೆಯಲ್ಲಿ ಅಂಗೈಯಗಲದಷ್ಟು ಮಸಿಯನ್ನು ಹಾಗೆಯೇ ಬಿಡಿಸುತ್ತೇನೆ.