ಮಣ್ಣು ಆರೋಗ್ಯ ಚೀಟಿ: ಡಿಎಪಿಯೊಳಗಿನ ಸಾರಜನಕ ಮತ್ತು ಒಂದು ಲೋಟ ನೀರು

ಮಣ್ಣಿನ ಮಾದರಿ ತೆಗೆಯುವುದು ತರಬೇತಿಗೆ ಬಂದವರಿಗೆಲ್ಲ ಗೊತ್ತು: ಬದು, ಮರದ ನೆರಳು, ತಿಪ್ಪೆಯ ಜಾಗ ಬಿಟ್ಟು ಅಂಕುಡೊಂಕಾಗಿ ನಡೆಯುವುದು, ಆರು ಅಂಗುಲದ ಗುಂಡಿಯ ಪಕ್ಕದಿಂದ ಮಣ್ಣು ಹೆರೆಯುವುದು, ಬೆರೆಸಿ ಅರ್ಧ ಕೆ.ಜಿ.ಗೆ ಇಳಿಸುವುದು. ಆ ಮಣ್ಣನ್ನು ಪರೀಕ್ಷಿಸಿ ಕೊಡುವ ಆರೋಗ್ಯ ಚೀಟಿಯಲ್ಲಿ 12 ಅಂಶಗಳಿರುತ್ತವೆ. ಸಾವಯವ ಇಂಗಾಲ ಶೇ 0.5ಕ್ಕಿಂತ ಕೆಳಗಿದ್ದರೆ ಕಡಿಮೆ, 0.75 ದಾಟಿದರೆ ಹೆಚ್ಚು.

ರೈತರು ಕೇಳುವುದು ಬೇರೆ: 'ಎಷ್ಟು ಚೀಲ ಹಾಕಲಿ?' ಶಿಫಾರಸು ಇರುವುದು ಹೆಕ್ಟೇರಿಗೆ, ಅದೂ ಪೋಷಕಾಂಶದ ಲೆಕ್ಕದಲ್ಲಿ. ನೀರಾವರಿ ರಾಗಿಗೆ ಸಾರಜನಕ, ರಂಜಕ, ಪೊಟ್ಯಾಷ್ ಕ್ರಮವಾಗಿ 100:50:50 ಕೆ.ಜಿ. ಎಂದರೆ ಎಕರೆಗೆ 40:20:20. ಸಾರಜನಕ ಮೊದಲು ಬರೆದಿದೆಯೆಂದು ಯೂರಿಯಾದಿಂದ ಲೆಕ್ಕ ಶುರು ಮಾಡಿದಿರೋ, ಕೆಟ್ಟಿತು. ಯೂರಿಯಾದಲ್ಲಿ ಸಾರಜನಕ ಶೇ 46; 40 ಕೆ.ಜಿ.ಗೆ 87 ಕೆ.ಜಿ. ಯೂರಿಯಾ ಎಂದು ಬರುತ್ತದೆ. ಆದರೆ ರಂಜಕಕ್ಕೆಂದು ಹಾಕುವ ಡಿಎಪಿ (ಡೈಅಮೋನಿಯಂ ಫಾಸ್ಫೇಟ್) ಎಂದರೆ 18:46, ಅಂದರೆ ಶೇ 18 ಸಾರಜನಕ, ಶೇ 46 ರಂಜಕ; ಅದರೊಳಗೂ ಸಾರಜನಕವಿದೆ. ಆದ್ದರಿಂದ ರಂಜಕವೇ ಮೊದಲು. 20 ಕೆ.ಜಿ. ರಂಜಕಕ್ಕೆ 43.5 ಕೆ.ಜಿ. ಡಿಎಪಿ ಬೇಕು. ಅದರ ಜೊತೆಗೇ 7.8 ಕೆ.ಜಿ. ಸಾರಜನಕವೂ ಹೊಲ ಸೇರುತ್ತದೆ. ಅದನ್ನು 40ರಿಂದ ಕಳೆಯಿರಿ: 32.2. ಇದಕ್ಕೆ 70 ಕೆ.ಜಿ. ಯೂರಿಯಾ ಸಾಕು. ಉಳಿದದ್ದು 17 ಕೆ.ಜಿ.! ಪೊಟ್ಯಾಷ್‌ ಗೊಬ್ಬರದಲ್ಲಿ ಪೋಷಕಾಂಶ ಶೇ 60, 33 ಕೆ.ಜಿ. ಹಾಕಿದರೆ ಮುಗಿಯಿತು, ಅದರಲ್ಲಿ ತಕರಾರಿಲ್ಲ.

ನನ್ನ ಅಚ್ಚುಮೆಚ್ಚಿನ ಅಡ್ಡದಾರಿ: ಯೂರಿಯಾದ ಸಾರಜನಕವೂ 46, ಡಿಎಪಿಯ ರಂಜಕವೂ 46. ಹಾಗಾಗಿ ಎರಡಕ್ಕೂ ಬೇಕಾದ ಪೋಷಕಾಂಶವನ್ನು 2.17ರಿಂದ (100 ÷ 46) ಗುಣಿಸಿದರಾಯಿತು. ಸಾರಜನಕದ ಅರ್ಧವನ್ನು, ಅಂದರೆ 20 ಕೆ.ಜಿ.ಯನ್ನು, ಮೇಲುಗೊಬ್ಬರಕ್ಕೆ (ಬೆಳೆ ಬೆಳೆಯುವಾಗ ಹಾಕುವುದಕ್ಕೆ) ಇಟ್ಟುಕೊಂಡರೆ ಅದು 43 ಕೆ.ಜಿ. ಯೂರಿಯಾ, ಹೆಚ್ಚುಕಡಿಮೆ 45 ಕೆ.ಜಿ.ಯ ಒಂದು ಚೀಲ. ಬಿತ್ತನೆಗೆ ಉಳಿಯುವುದು 27 ಕೆ.ಜಿ. ಮಾತ್ರ. ದಶಾಂಶ ಕೇಳಿ ಮುಖ ತಿರುಗಿಸುವವರೂ ಚೀಲದ ಲೆಕ್ಕ ಒಪ್ಪುತ್ತಾರೆ.

ಲೆಕ್ಕಕ್ಕೂ ಮೊದಲು ಲೋಟದ ಪರೀಕ್ಷೆ ತೋರಿಸುವುದು ಒಳ್ಳೆಯದು. ಒಣಗಿದ ಹೆಂಟೆಯೊಂದನ್ನು ಮಳೆನೀರಿನಲ್ಲಿ ಬಿಡಿ, ಕಲಕಬೇಡಿ. ಪುಡಿಯಾಗಿ ತಳಕ್ಕೆ ಕುಸಿದರೆ ಸಾವಯವ ಅಂಶ ಸಾಲದೆಂದು ಸಂಶಯಪಡಬಹುದು. ಕೊಟ್ಟಿಗೆ ಗೊಬ್ಬರ, ಹಸಿರೆಲೆ ಗೊಬ್ಬರದ ಮಾತು ಅಲ್ಲಿ ಎತ್ತಿ. ಹೆಂಟೆಯ ಸುತ್ತ ನೀರು ಹಾಲಿನಂತೆ ಕದಡಿಕೊಂಡರೆ ಕಥೆ ಬೇರೆ: ಅದು ಸೋಡಿಯಂನ ಸುಳಿವು. ಚೀಟಿಯಲ್ಲಿ ರಸಸಾರ (ಪಿಎಚ್) 8.5 ದಾಟಿದೆಯೇ ನೋಡಿ. ದಾಟಿದ್ದರೆ ಬೇಕಾಗುವುದು ಜಿಪ್ಸಂ, ಮತ್ತು ನೀರು ಬಸಿದುಹೋಗಲು ಕಾಲುವೆ. ಸುಣ್ಣ ಮಲೆನಾಡಿನ ಹುಳಿ ಮಣ್ಣಿಗೆ, ಇಲ್ಲಿ ಬೇಡ.